ನಷ್ಟದ ವರ್ಷ ಯಾರ ತಲೆಗೆ? ಕಾಫಿ ಪೂಲ್‌ನಿಂದ ಮುಕ್ತ ಮಾರುಕಟ್ಟೆವರೆಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ 'ಬಂಡವಾಳಶಾಹಿಯೋ, ಸಮಾಜವಾದವೋ'. ಕಾಲೇಜಿನಲ್ಲಿ ಈ ವಿಷಯದ ಮೇಲೆ ಚರ್ಚಾ ಸ್ಪರ್ಧೆ ನೋಡದವರು ಇಲ್ಲಿ ಕಡಿಮೆ ಇರಬೇಕು. ಒಬ್ಬರು ಸ್ಟಾಲಿನ್ ಹೆಸರು ತೆಗೆಯುತ್ತಾರೆ. ಇನ್ನೊಬ್ಬರು ಅಮೆರಿಕದ ಆಸ್ಪತ್ರೆ ಬಿಲ್ಲು ತೆಗೆಯುತ್ತಾರೆ. ಗಂಟೆ ಹೊಡೆಯುತ್ತದೆ, ಇಬ್ಬರೂ ತಾವೇ ಗೆದ್ದೆವು ಅಂದುಕೊಂಡು ಮನೆಗೆ ಹೋಗುತ್ತಾರೆ.

ಮಲೆನಾಡಿನಲ್ಲಿ ನಿಂತು ಮಾತಾಡುವಾಗ ಅಷ್ಟು ದೂರ ಹೋಗೋದು ಬೇಡ. ಎರಡೂ ವ್ಯವಸ್ಥೆಯನ್ನು ಒಂದೇ ಬೆಳೆಯ ಮೇಲೆ, ಒಂದೇ ಜನರ ಮೇಲೆ, ಒಂದಾದ ಮೇಲೊಂದು ಹೇರಿ ನೋಡಿದ ಜಾಗ ಇದು. ಸುಮಾರು 50 ವರ್ಷ ನಮ್ಮ ಕಾಫಿ ಸರ್ಕಾರಿ ಮಂಡಳಿಯ ಕೈಯಲ್ಲಿತ್ತು. 1996ರಿಂದ ಈಚೆಗೆ ಪೂರ್ತಿ ಮಾರುಕಟ್ಟೆಯ ಕೈಯಲ್ಲಿದೆ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ 70 ಭಾಗ ಕರ್ನಾಟಕದ್ದೇ. ಹಾಗಾಗಿ ಈ ಲೆಕ್ಕ ಕೇಳಲು ನಮಗಿಂತ ಹಕ್ಕಿರುವವರು ಯಾರು?

ಎಲ್ಲರ ಕಾಫಿಯನ್ನೂ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಆ ವ್ಯವಸ್ಥೆಯ ಹೆಸರು 'ಪೂಲ್'. ಮೊದಲು ಅದು ಬಂದದ್ದು ಹೇಗೆ ಅಂತ ನೋಡೋಣ. ಅದನ್ನು ತಂದವರು ಕೆಂಪು ಬಾವುಟದವರಲ್ಲ. 1930ರ ದಶಕದ ಮಹಾ ಕುಸಿತದಲ್ಲಿ ಬೆಲೆ ನೆಲ ಕಚ್ಚಿತ್ತು. ಅದರ ಬೆನ್ನಿಗೇ ಎರಡನೇ ಮಹಾಯುದ್ಧ ಬಂತು, ಯುರೋಪಿನ ಬಾಗಿಲು ಮುಚ್ಚಿತು. ಕೊಳ್ಳುವವರೇ ಇಲ್ಲ. ಆಗ ಕೈ ಚಾಚಿದವರು ತೋಟದ ಮಾಲೀಕರು, ಅವರಲ್ಲಿ ಬ್ರಿಟಿಷ್ ಸಾಹೇಬರೂ ಇದ್ದರು. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಅದೇ ಕಾಯಿದೆ ಆಯಿತು. ಬೆಳೆದ ಕಾಫಿಯನ್ನೆಲ್ಲ ಪೂಲ್‌ಗೆ ಕೊಡಬೇಕು. ಮನೆ ಬಳಕೆಗೆ ಮತ್ತು ಬಿತ್ತನೆಗೆ ಸ್ವಲ್ಪ ಇಟ್ಟುಕೊಳ್ಳಬಹುದು, ಅಷ್ಟೇ. ಹೊರಗೆ ಮಾರಿದರೆ ಅಪರಾಧ. ಅಂದರೆ ಬ್ರಿಟಿಷ್ ಸರ್ಕಾರ, ಬಂಡವಾಳಿಗರ ಉಪಕಾರಕ್ಕಾಗಿ, ಮಾಸ್ಕೋದವರು ಮೆಚ್ಚುವಂಥ ವ್ಯವಸ್ಥೆ ಕಟ್ಟಿತು!

ಪೂಲ್ ನಡೆಯುತ್ತಿದ್ದ ರೀತಿ ಹೀಗೆ. ಚೀಲ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಜಾತಿ, ದರ್ಜೆ ನೋಡಿ ಪಾಯಿಂಟ್ ಹಾಕುತ್ತಾರೆ. ನಿಮಗೆ ಮೊದಲು ಒಂದಷ್ಟು ಮುಂಗಡ ಬರುತ್ತದೆ. ಮಂಡಳಿ ಹರಾಜಿನಲ್ಲಿ ಮಾರಿದ ಹಾಗೆಲ್ಲ ಪಾಯಿಂಟಿಗೆ ಇಷ್ಟು ಅಂತ ಕಂತು ಕಂತಾಗಿ ಉಳಿದದ್ದು ಬರುತ್ತದೆ. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆಯೂ ಕಣದಲ್ಲಿ ಒಣಗಿ ಹೋಗಿರುತ್ತಿತ್ತು. ಮಗಳ ಮದುವೆ ಮೇ ತಿಂಗಳಲ್ಲಿ, ಪೂಲ್ ದುಡ್ಡು ಎಂದೋ ಒಂದು ದಿನ. ನಡುವೆ ಸಾಲ ಕೊಡುವವನು ಬದುಕಿಕೊಂಡ.

ಆದರೂ ಪೂಲನ್ನು ಸುಮ್ನೆ ಬೈಯುವುದು ನ್ಯಾಯವಲ್ಲ. ಎರಡೆಕರೆಯವನಿಗೂ ಇನ್ನೂರೆಕರೆಯವನಿಗೂ ಪಾಯಿಂಟಿನ ಬೆಲೆ ಒಂದೇ. ಮಾರಲು ಯಾರ ಮನೆ ಬಾಗಿಲು ಕಾಯಬೇಕಾಗಿಲ್ಲ. ಬೆಲೆ ಬಿದ್ದರೆ ಎಲ್ಲರಿಗೂ ಬಿತ್ತು, ಒಬ್ಬನ ತಲೆ ಮೇಲೆ ಅಲ್ಲ. ಕೃಷಿಯಲ್ಲಿ ಇದು ಸಣ್ಣ ವಿಷಯವಲ್ಲ.

ಪೂಲ್‌ನ ನಿಜವಾದ ರೋಗ ತಡವಾದ ದುಡ್ಡಿಗಿಂತ ಆಳದಲ್ಲಿತ್ತು. ಅದು ಎಲ್ಲರ ಕಾಫಿಯನ್ನೂ ಬೆರೆಸುತ್ತಿತ್ತು. ನೀವು ಹಣ್ಣು ಹಣ್ಣೇ ಆರಿಸಿ ಕುಯ್ಸಿರಿ, ನೆರೆಯವನು ಹಸಿರು ಕಾಯಿ ಸೇರಿಸಿ ಎಳೆಸಲಿ, ದರ್ಜೆ ಒಂದೇ ಬಂದರೆ ದುಡ್ಡೂ ಒಂದೇ. ಜರ್ಮನಿಯಲ್ಲಿ ಕುಡಿಯುವವನಿಗೆ ನಿಮ್ಮ ತೋಟದ ಹೆಸರು ಗೊತ್ತಾಗುವ ದಾರಿಯೇ ಇಲ್ಲ. ಅವನಿಗೆ ಯಾವ ರುಚಿ ಇಷ್ಟ ಅಂತ ನಿಮಗೂ ಗೊತ್ತಾಗುವುದಿಲ್ಲ. ಬೆಲೆ ಅಂದರೆ ಸುದ್ದಿ, ಸಾವಿರಾರು ಜನರಲ್ಲಿ ಚದುರಿದ ತಿಳಿವಳಿಕೆಯನ್ನು ಅದು ಹೊತ್ತು ತರುತ್ತದೆ ಅಂತ ಅರ್ಥಶಾಸ್ತ್ರಜ್ಞ ಹಯೆಕ್ ವಾದಿಸಿದ್ದು ಇದೇ ಕಾರಣಕ್ಕೆ. ಸಮಾಜವಾದದ ವಿರುದ್ಧ ಇರುವ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವುದು ಇದೊಂದೇ. 'ಮನುಷ್ಯ ಸ್ವಾರ್ಥಿ' ಅನ್ನುವ ವಾದ ಇದರ ಮುಂದೆ ಬಹಳ ಸಪ್ಪೆ.

ಇನ್ನೊಂದು ದೇಶದ ಕಾಫಿ ಕಥೆ ಹೇಳಲೇಬೇಕು. 1975ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಭಾರಿ ಹಿಮ ಬಿದ್ದು ಗಿಡಗಳು ಸುಟ್ಟುಹೋದವು. ಜಗತ್ತಿನಲ್ಲೆಲ್ಲ ಬೆಲೆ ಏರಿತು. ಪೂರ್ವ ಜರ್ಮನಿ ಆಗ ಕಮ್ಯುನಿಸ್ಟ್ ದೇಶ, ಅದರ ಹತ್ತಿರ ಡಾಲರ್ ಇಲ್ಲ. 1977ರಲ್ಲಿ ಸರ್ಕಾರ ಒಂದು ಉಪಾಯ ಮಾಡಿತು. 'ಕಾಫಿ ಮಿಕ್ಸ್' ಅಂತ ಪುಡಿ ತಂದಿತು. 51 ಭಾಗ ಕಾಫಿ, ಉಳಿದದ್ದು ಚಿಕೋರಿ, ರೈ ಧಾನ್ಯ ಇತ್ಯಾದಿ. ಜನ ರೊಚ್ಚಿಗೆದ್ದರು. ಬರ್ಲಿನ್ ಗೋಡೆ ಕಟ್ಟಿದಾಗ ನುಂಗಿಕೊಂಡವರು ಕಾಫಿ ಕೆಡಿಸಿದಾಗ ಸುಮ್ಮನಿರಲಿಲ್ಲ. ತಮಾಷೆ ಅಂದರೆ ನಮ್ಮ ದೇಶದ ಆಹಾರ ನಿಯಮದ ಪ್ರಕಾರವೂ ಕಾಫಿ ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇದ್ದರೆ ಸಾಕು. ನಾವು ಅದನ್ನೇ ದುಡ್ಡು ಕೊಟ್ಟು, ಹಾಲು ಹಾಕಿ, ಚೆನ್ನಾಗಿದೆ ಅಂತ ಕುಡಿಯುತ್ತೇವೆ. ವ್ಯತ್ಯಾಸ ಒಂದೇ. ಇಲ್ಲಿ ಬೇಡ ಅಂದವರಿಗೆ ಅದೇ ಅಂಗಡಿಯಲ್ಲಿ 'ಪ್ಯೂರ್' ಸಿಗುತ್ತದೆ.

ಆ ಕಥೆಗೆ ಬಾಲವೂ ಇದೆ. ಡಾಲರ್ ಇಲ್ಲದೆ ಕಾಫಿ ಬೇಕು ಅಂತ ಪೂರ್ವ ಜರ್ಮನಿಯವರು 1980ರ ದಶಕದಲ್ಲಿ ವಿಯೆಟ್ನಾಂನ ಗುಡ್ಡಗಾಡಿನಲ್ಲಿ ರೋಬಸ್ಟಾ ಜಾತಿಯ ಕಾಫಿ ತೋಟಕ್ಕೆ ದುಡ್ಡು, ಯಂತ್ರ ಸುರಿದರು. ಗಿಡ ಫಸಲಿಗೆ ಬರುವ ಹೊತ್ತಿಗೆ ಪೂರ್ವ ಜರ್ಮನಿ ಅನ್ನುವ ದೇಶವೇ ಇರಲಿಲ್ಲ. ವಿಯೆಟ್ನಾಂ ಮಾತ್ರ 1986ರಿಂದ ಆರ್ಥಿಕತೆ ತೆರೆಯುತ್ತಾ, ರೈತರ ಕೈಗೆ ಜಮೀನು ಬಿಟ್ಟು, ಬ್ರೆಜಿಲ್ ನಂತರದ ಎರಡನೇ ಸ್ಥಾನಕ್ಕೆ ಬಂತು. ಕಮ್ಯುನಿಸ್ಟ್ ಪಕ್ಷ ಆಳುವ ದೇಶದ ರೈತರು ಮಾರುಕಟ್ಟೆ ಆಟ ಆಡಿ ಕೊಡಗಿನ ರೋಬಸ್ಟಾದ ಬೆಲೆ ಇಳಿಸಿದರು. ಇದಕ್ಕೆ ಯಾವ ವಾದದ ಹೆಸರು ಇಡುತ್ತೀರಿ?

ಅಮೆರಿಕದ ಕಥೆಯೂ ಕಡಿಮೆ ಇಲ್ಲ. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ. ಬೆಲೆಯನ್ನು ಬೇಕಂತಲೇ ಎತ್ತಿ ಹಿಡಿಯುವ ವ್ಯವಸ್ಥೆ ಇದು. ಮುಕ್ತ ಮಾರುಕಟ್ಟೆಯ ಗುರು ಅಮೆರಿಕ ಇದಕ್ಕೆ ಒಪ್ಪಿತು. ಕ್ಯೂಬಾದಲ್ಲಿ ಕ್ರಾಂತಿ ಆದ ಮೇಲೆ ಲ್ಯಾಟಿನ್ ಅಮೆರಿಕದ ಬಡ ರೈತರು ಕ್ರಾಂತಿ ಕಡೆ ಹೋಗಬಾರದು ಅನ್ನುವ ಭಯವೂ ಅದರ ಹಿಂದೆ ಇತ್ತು. ಆ ಭಯ ಕರಗುತ್ತಿದ್ದ ಕಾಲಕ್ಕೇ, 1989ರ ಜುಲೈನಲ್ಲಿ, ಕೋಟಾ ಮುರಿದು ಬಿತ್ತು. ಬೆಲೆಯೂ ಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೂ ಹೋಯಿತು.

ಆಗ ಇಲ್ಲಿನ ಬೆಳೆಗಾರರು 'ಪೂಲ್ ಬೇಡ, ನಮ್ಮನ್ನು ಬಿಡಿ' ಅಂದರು. 1992ರಲ್ಲಿ 30 ಭಾಗವನ್ನು ದೇಶದೊಳಗೆ ತಾವೇ ಮಾರಲು ಬಿಟ್ಟರು. ಮರುವರ್ಷ 50 ಭಾಗ 'ಫ್ರೀ ಸೇಲ್', ಅಂದರೆ ಬೇಕಾದವರಿಗೆ ಮಾರಬಹುದು. 1996ರ ಹೊತ್ತಿಗೆ ಪೂರ್ತಿ ಬಿಡುಗಡೆ. ಅದೃಷ್ಟವೂ ಜೊತೆಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಜಿಗಿದಿತ್ತು. ತೋಟದ ಮನೆಗಳ ಮುಂದೆ ಹೊಸ ಕಾರು, ಜೀಪು ನಿಂತದ್ದು ಆ ಕಾಲದಲ್ಲಿ. ಮಾರುಕಟ್ಟೆ ಅಂದರೆ ಇಷ್ಟೇ, ರೇಟು ಏರುವುದು ಅಂತ ಬಹಳ ಜನ ನಂಬಿದರು.

2001ಕ್ಕೆ ಬಂದಾಗ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ 45 ಸೆಂಟ್ ಆಸುಪಾಸು. ಕುಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಆರು ವರ್ಷದ ಹಿಂದೆ 'ಸರ್ಕಾರ ದೂರ ಇರಲಿ' ಅಂದವರೇ ಸಾಲ ಮನ್ನಾ ಕೇಳಿಕೊಂಡು ದೆಹಲಿಗೆ ಹೋದರು. ನಾನು ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. 1940ರಲ್ಲೂ ಹಾಗೇ, 2001ರಲ್ಲೂ ಹಾಗೇ. ಬೆಲೆ ಬಿದ್ದಾಗ ಎಲ್ಲರಿಗೂ ಸರ್ಕಾರ ಬೇಕು, ಏರಿದಾಗ ಮಾರುಕಟ್ಟೆ ಬೇಕು. ಬ್ಯಾಂಕುಗಳೂ ಹೀಗೇ, ವಿಮಾನ ಕಂಪನಿಗಳೂ ಹೀಗೇ. ಹಾಗಾಗಿ ಯಾರಾದರೂ ಬಂದು 'ಈ ವ್ಯವಸ್ಥೆ ಒಳ್ಳೇದು' ಅಂದರೆ ನಾನು ಕೇಳುವುದು ಒಂದೇ ಪ್ರಶ್ನೆ. ಕೆಟ್ಟ ವರ್ಷದ ನಷ್ಟ ಇದರಲ್ಲಿ ಯಾರ ತಲೆಗೆ ಬೀಳುತ್ತದೆ?

ಮುಕ್ತ ಮಾರುಕಟ್ಟೆಯಲ್ಲಿ ಅದು ಬೀಳುವುದು ಚಿಕ್ಕವನ ತಲೆಗೆ. ಹೇಗೆ ಅಂತ ತಕ್ಕಡಿ ಹತ್ತಿರ ನಿಂತು ನೋಡೋಣ. ರೋಬಸ್ಟಾ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ರೇಟು ಹಾಕುವುದು ಓಟಿ (ಔಟ್‌ಟರ್ನ್) ಲೆಕ್ಕದಲ್ಲಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. 50 ಕೆ.ಜಿ. ಚೆರಿಯ ಸಿಪ್ಪೆ ತೆಗೆದರೆ 26 ಕೆ.ಜಿ. ಬೀಜ ಬಂತು ಅನ್ನಿ, ಅದು 26 ಓಟಿ. ಓಟಿಗೆ 400 ರೂಪಾಯಿ ಇದ್ದರೆ ಚೀಲಕ್ಕೆ 10,400. ವ್ಯಾಪಾರಿ ಚೀಲದಿಂದ ಸ್ಯಾಂಪಲ್ ತೆಗೆಯುತ್ತಾನೆ, ಸಿಪ್ಪೆ ಬಿಡಿಸುತ್ತಾನೆ, ತೂಗುತ್ತಾನೆ, ತೇವಾಂಶದ ಮೀಟರ್ ಇಟ್ಟು ನೋಡುತ್ತಾನೆ. ಮೀಟರೂ ಅವನದ್ದೇ, ತಕ್ಕಡಿಯೂ ಅವನದ್ದೇ. 'ಅಣ್ಣಾ, 24 ಬಂತು' ಅಂದರೆ ಮುಗೀತು, ಚೀಲಕ್ಕೆ 800 ಹೋಯಿತು. ಎಲ್ಲ ವ್ಯಾಪಾರಿಗಳೂ ಹೀಗೆ ಅಂತಲ್ಲ. ಆದರೆ ದೊಡ್ಡ ತೋಟದವರು ತಮ್ಮದೇ ಮೀಟರ್ ಇಟ್ಟಿರುತ್ತಾರೆ, ಗೋದಾಮಿನಲ್ಲಿ ಮಾಲು ಇಟ್ಟು ಕಾಯುತ್ತಾರೆ, ಮೊಬೈಲಿನಲ್ಲಿ ಲಂಡನ್ ಮಾರುಕಟ್ಟೆಯ ಕಾಫಿ ರೇಟು ನೋಡಿ ಮಾರುತ್ತಾರೆ. ಲಂಡನ್ ರೇಟು ಮೂರೆಕರೆಯವನ ಮೊಬೈಲಿನಲ್ಲೂ ಕಾಣುತ್ತದೆ. ಕಾಯುವ ತಾಕತ್ತು ಇಲ್ಲ, ಅಷ್ಟೇ. ಮಾರುಕಟ್ಟೆ ಸ್ವಾತಂತ್ರ್ಯ ಅನ್ನುವುದು ಬೇಡ ಅನ್ನಲು ಆಗುವವನಿಗೆ ಇರುವ ಸ್ವಾತಂತ್ರ್ಯ. ಇದು ಮಾರ್ಕ್ಸ್ ಕಡೆಯವರ ವಾದ, ಇದೂ ಗಟ್ಟಿಯೇ.

ಹಾಗಂತ ಪೂಲ್ ಮತ್ತೆ ಬರಲಿ ಅನ್ನುವವನಲ್ಲ ನಾನು. ಫ್ರೀ ಸೇಲ್ ಬಂದ ಮೇಲೆ ತೋಟದ ಹೆಸರಿನಲ್ಲೇ ಕಾಫಿ ಮಾರುವವರು ಬಂದರು. ಬಾಬಾಬುಡನ್‌ಗಿರಿಯ ಅರೇಬಿಕಾಗೆ ಅದರದ್ದೇ ಗಿರಾಕಿ ಹುಟ್ಟಿದ. ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಚಹಾ ಕುಡಿಯುವ ಊರುಗಳಿಗೂ ಕಾಫಿ ಹೋಯಿತು. ಆಮೇಲೆ ಆ ಕಂಪನಿ ಸಾಲದಲ್ಲಿ ಸಿಕ್ಕಿಕೊಂಡ ಕಥೆ ನಿಮಗೆಲ್ಲ ಗೊತ್ತು. ಅದಕ್ಕೆ ಎದುರಾಗಿ ಇಂಡಿಯನ್ ಕಾಫಿ ಹೌಸ್ ನೋಡಿ. 50ರ ದಶಕದಲ್ಲಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲದಿಂದ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿ ವಹಿಸಿಕೊಂಡರು. ಮೊದಲ ಸಂಘ ಆದದ್ದು 1957ರಲ್ಲಿ, ಬೆಂಗಳೂರಿನಲ್ಲೇ. ಮಾಲೀಕ ಇಲ್ಲ, ಇಲಾಖೆಯೂ ಇಲ್ಲ. ವೇಗವಾಗಿ ಬೆಳೆಯಲಿಲ್ಲ, ಮುಳುಗಲೂ ಇಲ್ಲ. ಕುರ್ಚಿ ಮಾತ್ರ ಹಾಗೇ ಇವೆ, ಅದು ಬೇರೆ ವಿಷಯ.

ಇಷ್ಟು ಹೊತ್ತು ಬೆಳೆಗಾರರ ಬಗ್ಗೆಯೇ ಮಾತಾಡಿದೆ. ಕುಯ್ಯುವವರು ಎಲ್ಲಿ? ಪೂಲ್ ಇದ್ದಾಗಲೂ ಅವರು ಲೈನ್ ಮನೆಯಲ್ಲಿ, ಅಂದರೆ ತೋಟದೊಳಗಿನ ಕೂಲಿಯವರ ಸಾಲು ಮನೆಯಲ್ಲಿದ್ದರು, ಹೋದ ಮೇಲೂ ಅಲ್ಲೇ ಇದ್ದಾರೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, 'ಉಳುವವನೇ ಹೊಲದೊಡೆಯ' ಅಂತ ಗೇಣಿದಾರರಿಗೆ ಜಮೀನು ಸಿಕ್ಕಿತು. ಪ್ಲಾಂಟೇಷನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ಉಳಿಯಿತು. ಪೂಲ್ ಅನ್ನು ಸಮಾಜವಾದ ಅನ್ನುವುದಾದರೆ ಅದು ಮಾಲೀಕರೊಳಗಿನ ಸಮಾಜವಾದ. ಲೈನಿನವರಿಗೆ ಮನೆ, ಔಷಧಿ, ಕೂಸುಗಳನ್ನು ನೋಡಿಕೊಳ್ಳಲು ಜಾಗ, ಇಷ್ಟಾದರೂ ಸಿಕ್ಕಿದ್ದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಮತ್ತು ಯೂನಿಯನ್‌ಗಳಿಂದ. ಈಗ ಅಸ್ಸಾಂ ಕಡೆಯಿಂದ ಬರುವವರಿಗೆ ಅದೂ ಎಷ್ಟು ಸಿಗುತ್ತಿದೆ ಅಂತ ನಿಮ್ಮ ನಿಮ್ಮ ತೋಟದಲ್ಲೇ ನೋಡಿಕೊಳ್ಳಿ.

ಎರಡನ್ನೂ ಸೇರಿಸುವ ಪ್ರಯತ್ನ ಒಮ್ಮೆ ಆಯಿತು. 2003ರಲ್ಲಿ ಕೇಂದ್ರ ಸರ್ಕಾರ ಕಾಫಿ, ಚಹಾ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗೆ 500 ಕೋಟಿಯ ಬೆಲೆ ಸ್ಥಿರೀಕರಣ ನಿಧಿ ಮಾಡಿತು. ಒಳ್ಳೆ ವರ್ಷ ಬೆಳೆಗಾರ ಕಟ್ಟಬೇಕು, ಕೆಟ್ಟ ವರ್ಷ ಸರ್ಕಾರ ಹಾಕಬೇಕು. ಯೋಚನೆ ಬಹಳ ಸರಿ. ಆದರೆ ಕೆಟ್ಟ ವರ್ಷಕ್ಕೆ ಸರ್ಕಾರ ಹಾಕುತ್ತಿದ್ದುದು 1000 ರೂಪಾಯಿ. ಚೀಲಕ್ಕಲ್ಲ, ಎಕರೆಗಲ್ಲ, ಒಬ್ಬ ಬೆಳೆಗಾರನಿಗೆ ವರ್ಷಕ್ಕೆ. ಹೆಚ್ಚು ಜನ ಸೇರಲಿಲ್ಲ, ಆಶ್ಚರ್ಯವೇನಿಲ್ಲ.

2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ 10,000 ದಾಟಿತು. ಹಾಗಾದರೆ ಅಂಥ ನಿಧಿಯನ್ನು ಸರಿಯಾದ ಮೊತ್ತದಲ್ಲಿ ಕಟ್ಟಬೇಕಾದದ್ದು ಇಂಥ ವರ್ಷಗಳಲ್ಲೇ ಅಲ್ವಾ? ಚೀಲಕ್ಕೆ 100 ರೂಪಾಯಿ ತೆಗೆದಿಡೋಣ ಅಂದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ? ದುಡ್ಡು ಯಾರ ಹತ್ತಿರ ಇರಬೇಕು, ಮಂಡಳಿಯೋ, ಬೆಳೆಗಾರರ ಸಂಘವೋ, ಬ್ಯಾಂಕೋ? ಕೆಟ್ಟ ವರ್ಷದಲ್ಲಿ ಅದರ ಪಾಲು ಲೈನ್ ಮನೆಗೂ ಹೋಗಬೇಕೋ ಬೇಡವೋ? ಹೋಗಬೇಕು ಅಂತ ನನ್ನ ಅಭಿಪ್ರಾಯ. ಒಪ್ಪದವರು ಮೊದಲು ಮಾತಾಡಲಿ, ಮೈಕ್ ಆ ಕಡೆ ಕೊಡಿ.