ಎಟ್ಸ್ ಹಾಯಿಮ್: ಆಮ್‌ಸ್ಟರ್‌ಡ್ಯಾಮಿನ ಸಿನಗಾಗ್ ಅಂಗಳದಲ್ಲೊಂದು ಗ್ರಂಥಾಲಯ

ನಮಸ್ಕಾರ. ನೀವೀಗ ನೋಡುತ್ತಿರುವುದು ಆಮ್‌ಸ್ಟರ್‌ಡ್ಯಾಮ್ ನಗರದ ಪೋರ್ಚುಗೀಸ್ ಸಿನಗಾಗ್. 1675ರಲ್ಲಿ ಪ್ರಾರ್ಥನೆಗೆ ತೆರೆದ ಈ ಮಂದಿರದಲ್ಲಿ ಇಂದಿಗೂ ಹಿತ್ತಾಳೆಯ ತೂಗುದೀಪಗಳಿಗೆ ಮೇಣದಬತ್ತಿ ಹಚ್ಚಿಯೇ ಬೆಳಕು ಮಾಡುತ್ತಾರೆ. ಬಂದವರೆಲ್ಲ ಕತ್ತೆತ್ತಿ ಅದನ್ನೇ ನೋಡುತ್ತಾ ನಿಲ್ಲುವುದು ಸಹಜ. ನನ್ನ ಮಟ್ಟಿಗೆ ಈ ಆವರಣದ ಹಿರಿಯ ಆಸ್ತಿ ಇರುವುದು ಅಂಗಳದ ಸುತ್ತ ಕಾಣುವ ಈ ತಗ್ಗಿನ ಕಟ್ಟಡಗಳ ಸಾಲಿನಲ್ಲಿ. ಎಟ್ಸ್ ಹಾಯಿಮ್ ಗ್ರಂಥಾಲಯ ಇರುವುದು ಇಲ್ಲಿಯೇ. 1616ರಲ್ಲಿ ಸಮುದಾಯದ ಶಾಲೆಯ ಜೊತೆಗೆ ಹುಟ್ಟಿಕೊಂಡ ಇದು, ಇಂದಿಗೂ ಓದುಗರಿಗೆ ತೆರೆದಿರುವ ಯಹೂದಿ ಗ್ರಂಥಾಲಯಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಒಳಗಿನ ದೃಶ್ಯಕ್ಕೆ ಹೋಗುವ ಮೊದಲು ಒಂದು ಹಿನ್ನೆಲೆ ಹೇಳಲೇಬೇಕು. ಈ ಸಮುದಾಯದ ಪೂರ್ವಿಕರು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳವರು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರದೂಡಿತು. 1497ರಲ್ಲಿ ಪೋರ್ಚುಗಲ್ ತನ್ನಲ್ಲಿದ್ದವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿತು. ಅಲ್ಲಿಂದ ಮುಂದೆ ತಲೆಮಾರುಗಳ ಕಾಲ ಹೀಬ್ರೂ ಪುಸ್ತಕವೊಂದು ಮನೆಯಲ್ಲಿ ಸಿಕ್ಕಿದರೂ ಧರ್ಮವಿಚಾರಣೆಯ ನ್ಯಾಯಾಲಯದ ಮುಂದೆ ನಿಲ್ಲಬೇಕಾದ ಭಯದಲ್ಲಿ ಬದುಕಿದ ಜನ, ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿಗೆ ಬಂದು ನೆಲೆಸತೊಡಗಿದರು. ತಾವು ಯಹೂದಿಗಳೆಂಬ ಅರಿವು ಅವರಲ್ಲಿ ಉಳಿದಿತ್ತು, ಆದರೆ ಪ್ರಾರ್ಥನೆ, ವಿಧಿ, ಭಾಷೆ ಇವುಗಳಲ್ಲಿ ಬಹುಪಾಲು ಮರೆತುಹೋಗಿತ್ತು. ಅಜ್ಜನಿಂದ ಮೊಮ್ಮಗನಿಗೆ ಬರಬೇಕಾಗಿದ್ದುದನ್ನು ಅವರು ಪುಸ್ತಕದಿಂದ ಕಲಿಯಬೇಕಾಯಿತು. ಆದ್ದರಿಂದಲೇ ಇಲ್ಲಿನ ಕಪಾಟುಗಳಲ್ಲಿ ಹೀಬ್ರೂ ಗ್ರಂಥಗಳ ಪಕ್ಕದಲ್ಲೇ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ಧರ್ಮಗ್ರಂಥಗಳು ಸಾಲಾಗಿ ನಿಂತಿವೆ.

ಇದೀಗ ಒಳಗಿನ ಕೋಣೆ. ಚಾವಣಿಯ ಎಂಟು ಮೂಲೆಯ ಬೆಳಕಿಂಡಿಯಿಂದ ಇಳಿಯುವ ಬೆಳಕು, ಮೇಲಂತಸ್ತಿನ ನಡುವೆ ಬಿಟ್ಟಿರುವ ಅದೇ ಆಕಾರದ ತೆರಪಿನ ಮೂಲಕ ಕೆಳಗಿನ ಮೇಜಿನವರೆಗೆ ಬರುತ್ತದೆ. ತೆರಪಿನ ಸುತ್ತ ಮರದ ಕಟಾಂಜನವಿದೆ, ಮೇಲೇರಲು ಮರದ ಸುರುಳಿ ಮೆಟ್ಟಿಲು ಇದೆ. ಸುಮಾರು 30,000 ಮುದ್ರಿತ ಪುಸ್ತಕಗಳು, 500ಕ್ಕೂ ಹೆಚ್ಚು ಹಸ್ತಪ್ರತಿಗಳು ಈ ಸಂಗ್ರಹದಲ್ಲಿವೆ. ಹಸ್ತಪ್ರತಿಗಳಲ್ಲಿ ಹಳೆಯದು 1282ರದು.

ಶಬ್ಬೆತಾಯ್ ಬಾಸ್ ಎಂಬ ವಿದ್ವಾಂಸನು ಈ ಶಾಲೆಯನ್ನು ಕಣ್ಣಾರೆ ಕಂಡು, 1680ರಲ್ಲಿ ಅಚ್ಚಾದ ತನ್ನ ಗ್ರಂಥಸೂಚಿಯಲ್ಲಿ ಅದನ್ನು ವರ್ಣಿಸಿದ್ದಾನೆ. ಪಾಠಶಾಲೆ ತೆರೆದಿರುವಷ್ಟು ಹೊತ್ತು ಪುಸ್ತಕದ ಕೋಣೆಯೂ ತೆರೆದಿರುತ್ತಿತ್ತು, ಕೇಳಿದವರಿಗೆ ಕೇಳಿದ ಪುಸ್ತಕ ಸಿಗುತ್ತಿತ್ತು, ಆದರೆ ಎಷ್ಟೇ ಹಣ ಇಟ್ಟರೂ ಅದನ್ನು ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ನನಗೆ ಬಹಳ ಹಿಡಿಸಿದ ನಿಯಮವಿದು. ಹಣವಂತ ವ್ಯಾಪಾರಿಯ ಮಗನೂ ಸಮುದಾಯದ ವಿದ್ಯಾರ್ಥಿವೇತನದಿಂದ ಓದುವ ಬಡ ಹುಡುಗನೂ ಒಂದೇ ಮೇಜಿನಲ್ಲಿ ಕುಳಿತು ಒಂದೇ ಪ್ರತಿಯನ್ನು ಓದಬೇಕಾಗಿತ್ತು. ಅಚ್ಚಿನ ಪುಸ್ತಕ ದುಬಾರಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ತತ್ವಜ್ಞಾನಿ ಸ್ಪಿನೋಜಾ ಬಾಲ್ಯದಲ್ಲಿ ಕಲಿತದ್ದು ಇದೇ ಸಮುದಾಯದ ಶಾಲೆಯಲ್ಲಿ. ಅವನನ್ನು ಬಹಿಷ್ಕರಿಸಿದ್ದೂ ಇದೇ ಸಮುದಾಯ, 1656ರಲ್ಲಿ. ಆ ಬಹಿಷ್ಕಾರದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ, ಆದರೆ ಅದಕ್ಕೆ ಬೇರೆಯೇ ವಿಡಿಯೊ ಬೇಕು. ಮೆಟ್ಟಿಲಿನ ದೃಶ್ಯ ಮುಗಿಯುತ್ತಾ ಬಂದಿರುವುದರಿಂದ ಕಪಾಟುಗಳಿಗೆ ಮರಳುತ್ತೇನೆ.

ಈ ಸಂಗ್ರಹ ಇಷ್ಟು ದೊಡ್ಡದಾಗಲು ಮುಖ್ಯ ಕಾರಣ ದಾವಿದ್ ಮೊಂತೆಜಿನೋಸ್. 1866ರಿಂದ ಇಲ್ಲಿ ಗ್ರಂಥಪಾಲಕರಾಗಿದ್ದ ಅವರು, ಪತ್ನಿ ತೀರಿಕೊಂಡ ನಂತರ 1889ರಲ್ಲಿ ತಮ್ಮ ಸ್ವಂತ ಸಂಗ್ರಹವನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟರು. ಇಂದಿಗೂ ಗ್ರಂಥಾಲಯದ ಹೆಸರಿನ ಜೊತೆ ಅವರ ಹೆಸರು ಸೇರಿದೆ.

ಮುಂದಿನದು ಹೇಳಲು ಕಷ್ಟವಾದ ಭಾಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಈ ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಜರ್ಮನಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಆಫೆನ್‌ಬಾಖ್ ಪಟ್ಟಣದ ದಾಸ್ತಾನಿನಿಂದ 1946ರಲ್ಲಿ ಅವು ಹಿಂದಿರುಗಿದವು. ಜನ ಹಿಂದಿರುಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಗಿತ್ತು. ಪುಸ್ತಕಗಳು ಕಪಾಟು ಸೇರಿದವು, ಅವುಗಳನ್ನು ಓದುತ್ತಿದ್ದ ಮನೆತನಗಳಲ್ಲಿ ಎಷ್ಟೋ ಅಳಿದುಹೋಗಿದ್ದವು.

ಅಳಿದುಳಿದ ಸಣ್ಣ ಸಮುದಾಯಕ್ಕೆ ಇಷ್ಟು ಪುಸ್ತಕಗಳನ್ನು ಕಾಪಾಡುವುದು ಹೊರಲಾರದ ಹೊರೆಯಾಯಿತು. ಕಡೆಗೆ 1970ರ ದಶಕದ ಕೊನೆಯಲ್ಲಿ ಹಸ್ತಪ್ರತಿಗಳನ್ನೂ ಅಮೂಲ್ಯ ಮುದ್ರಿತ ಗ್ರಂಥಗಳನ್ನೂ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದ ವಶಕ್ಕೆ ಕಳುಹಿಸಿದರು. ಇಪ್ಪತ್ತು ವರ್ಷ ಅವು ಅಲ್ಲಿಯೇ ಇದ್ದವು. ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಬಹಳ ಸಿಟ್ಟು ಬಂದಿತ್ತು. ಶತ್ರುಗಳು ಕಸಿದುಕೊಂಡದ್ದು ಮರಳಿ ಸಿಕ್ಕಿದ ಮೇಲೆ ತಾವೇ ಕೈಯಾರೆ ದೂರ ಕಳುಹಿಸುವುದೆಂದರೇನು? ಈ ಊರಿನಲ್ಲಿ ಉಳಿದ ಕೆಲವೇ ಮಕ್ಕಳು ತಮ್ಮ ಮುತ್ತಜ್ಜಂದಿರ ಕೈಬರಹ ನೋಡಬೇಕಾದರೆ ಸಮುದ್ರ ದಾಟಿ ಹೋಗಬೇಕೇ? ಆದರೆ ಈ ಕೋಣೆಯಲ್ಲಿ ನಿಂತು, ಮಳೆ ಬಿಡದ ಈ ಊರಿನ ತೇವವನ್ನು ಮೈಯಲ್ಲೇ ಅನುಭವಿಸಿದ ಮೇಲೆ ನನ್ನ ಮಾತು ಮೆತ್ತಗಾಗಿದೆ. ಕಾಗದಕ್ಕೆ ಬೂಷ್ಟು ಹಿಡಿಯುವಾಗ ಅಭಿಮಾನ ಅದನ್ನು ಉಳಿಸುವುದಿಲ್ಲ. ಹಣವಿಲ್ಲದ, ಜನವಿಲ್ಲದ ಸಮುದಾಯವೊಂದು ತನ್ನಲ್ಲಿದ್ದ ಅತ್ಯಮೂಲ್ಯವಾದುದನ್ನು ನಂಬಿಕಸ್ಥರ ಕೈಗೆ ಕೊಟ್ಟು, ಕಟ್ಟಡ ದುರಸ್ತಿಯಾದ ಮೇಲೆ 2000ದಲ್ಲಿ ವಾಪಸ್ ಕೇಳಿ ತರಿಸಿಕೊಂಡಿತು. ಕಳುಹಿಸಿದ್ದು ಸರಿ ಎಂದು ಈಗ ಒಪ್ಪುತ್ತೇನೆ. ತರಿಸಿಕೊಂಡದ್ದು ಅದಕ್ಕಿಂತಲೂ ಸರಿ. ಅಲ್ಲಿಯೇ ಬಿಟ್ಟಿದ್ದರೆ ವಿದ್ವಾಂಸರಿಗೆ ಏನೂ ನಷ್ಟವಾಗುತ್ತಿರಲಿಲ್ಲ, ಈ ಸಿನಗಾಗಿಗೆ ಬರುವವರಿಗೆ ಮಾತ್ರ ನಷ್ಟವಾಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಇದೇ ಸಿನಗಾಗಿನ ಉತ್ಸವಗಳಿಗೆಂದು ಅಬ್ರಹಾಂ ಕಾಸೆರೆಸ್ ರಚಿಸಿದ ಸಂಗೀತ ಉಳಿದಿರುವುದು ಈ ಗ್ರಂಥಾಲಯದ ಹಸ್ತಪ್ರತಿಗಳಲ್ಲಿಯೇ. ಯಾವ ಗೋಡೆಗಳ ನಡುವೆ ಹಾಡಲೆಂದು ಅದನ್ನು ಬರೆದರೋ, ಆ ಗೋಡೆಗಳಿಂದ ಅಂಗಳದಷ್ಟೇ ದೂರದಲ್ಲಿ ಅದು ಇರಬೇಕು.

ನಮ್ಮ ಕಡೆಗೂ ಇಲ್ಲಿಂದ ಒಂದು ದಾರಿಯಿದೆ. 1686ರಲ್ಲಿ ಈ ಸಮುದಾಯದ ಮೋಸೆ ಪೆರೇರಾ ದೆ ಪಾಯ್ವಾ ಕೊಚ್ಚಿಗೆ ಬಂದು ಅಲ್ಲಿನ ಯಹೂದಿಗಳನ್ನು ಕಂಡುಹೋದನು. ಅವನ ವರದಿ 1687ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮುಂದೆ ಕೊಚ್ಚಿಯವರ ಪದ್ಧತಿಗೆ ಹೊಂದುವ ಪ್ರಾರ್ಥನಾ ಪುಸ್ತಕಗಳು ಕೂಡ ಈ ನಗರದಲ್ಲೇ ಮುದ್ರಣವಾಗಿ ಮಲಬಾರಿನ ಸಿನಗಾಗುಗಳನ್ನು ತಲುಪಿದವು. ಪುಸ್ತಕಗಳಿಂದಲೇ ತನ್ನನ್ನು ಮರಳಿ ಪಡೆದ ಸಮುದಾಯಕ್ಕೆ, ದೂರದ ಬಂಧುಗಳಿಗೆ ಪುಸ್ತಕವೇ ಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಗ್ರಂಥಾಲಯವನ್ನು 2003ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಇಲ್ಲಿ ಕುಳಿತು ಅಧ್ಯಯನ ಮಾಡಬಯಸುವವರು ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡು ಬರಬೇಕು. ಹಸ್ತಪ್ರತಿಗಳ ಚಿತ್ರಗಳನ್ನು ಅಂತರ್ಜಾಲದಲ್ಲೂ ನೋಡಬಹುದು. ಪೋರ್ಚುಗೀಸ್ ಬಲ್ಲ ಗೋವೆಯ, ಮಂಗಳೂರಿನ ಸ್ನೇಹಿತರು ಯಾರಾದರೂ ಇದನ್ನು ನೋಡುತ್ತಿದ್ದರೆ, ನೀವು ಅಲ್ಲಿಂದಲೇ ಓದಲು ಆರಂಭಿಸಬಹುದು.