ಹೊಗೆ ನೋಡಿ, ಸದ್ದು ಕೇಳಿ: ಹೊಸ ನೈಟ್ರೋ ಕಾರಿನ ಮೊದಲ ಟ್ಯಾಂಕ್

ನಮಸ್ಕಾರ. ಈಗಷ್ಟೇ ಡಬ್ಬದಿಂದ ಹೊರಬಂದ ರಿಮೋಟ್ ಕಂಟ್ರೋಲ್ ಕಾರು ಇದು. ಬ್ಯಾಟರಿ ಕಾರಲ್ಲ, ನೈಟ್ರೋ ಕಾರು. ಒಳಗಿರುವುದು ನಿಜವಾದ ಟೂ ಸ್ಟ್ರೋಕ್ ಎಂಜಿನ್. ಬರೀ 2.5 ಸಿಸಿ, ಮುಷ್ಟಿಯೊಳಗೆ ಹಿಡಿಸುತ್ತದೆ. ಆದರೆ ಪೂರ್ತಿ ರೇಸ್ ಕೊಟ್ಟಾಗ ಇಂಥ ಎಂಜಿನ್ ನಿಮಿಷಕ್ಕೆ 30 ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ.

ಇವತ್ತು ಮಾತ್ರ ಆ ವೇಗ ಬೇಡ. ಹೊಸ ಎಂಜಿನ್ ಎಷ್ಟು ಕಾಲ ಬಾಳುತ್ತದೆ ಅನ್ನುವುದು ಬಹುಪಾಲು ಮೊದಲ ಕೆಲವು ಟ್ಯಾಂಕ್‌ಗಳಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಈ ವಿಡಿಯೋದಲ್ಲಿ ಕಾರು ಹಾರುವುದಿಲ್ಲ, ನೆಗೆಯುವುದಿಲ್ಲ. ಸ್ಟಾರ್ಟ್ ಮಾಡುತ್ತೇವೆ, ಬಿಸಿ ಮಾಡುತ್ತೇವೆ, ಆರಲು ಬಿಡುತ್ತೇವೆ. ಟ್ಯೂನಿಂಗ್, ಅಂದರೆ ಇಂಧನ ಮತ್ತು ಗಾಳಿಯ ಹದ ಸರಿಮಾಡುವುದು, ಆಮೇಲೆ.

ಮೊದಲು ಇಂಧನ. ಇದು ಪೆಟ್ರೋಲ್ ಅಲ್ಲ. ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ಎಣ್ಣೆ. ನಾನು ತಂದಿರುವುದರಲ್ಲಿ ನೈಟ್ರೋ 20 ಶೇಕಡಾ. ಎಂಜಿನ್ ಒಳಗೆ ಬೇರೆ ಆಯಿಲ್ ಹಾಕುವ ಜಾಗವೇ ಇಲ್ಲ. ಪಿಸ್ಟನ್‌ಗೆ, ಬೇರಿಂಗ್‌ಗೆ ಸಿಗುವ ಎಣ್ಣೆಯೆಲ್ಲ ಈ ಇಂಧನದ ಜೊತೆಗೇ ಬರಬೇಕು. ಇದೊಂದು ನೆನಪಿರಲಿ, ಯಾಕೆಂದರೆ ಟ್ಯೂನಿಂಗ್ ಪೂರ್ತಿ ಇದರ ಮೇಲೇ ನಿಂತಿದೆ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು.

ಮೆಥನಾಲ್ ವಿಷ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಉರಿದರೆ ಬಿಸಿಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಅದಕ್ಕೇ ಕೈಗೆ ಗ್ಲೌಸ್, ಮತ್ತು ಕೆಲಸವೆಲ್ಲ ಬಯಲಲ್ಲಿ. ಕ್ಯಾನಿನ ಮುಚ್ಚಳ ತೆರೆದಿಡಬೇಡಿ. ಗಾಳಿಯ ತೇವವನ್ನು ಮೆಥನಾಲ್ ಹೀರಿಕೊಳ್ಳುತ್ತದೆ, ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಇಲ್ಲಿ ನೋಡಿ, ಪುಲ್ ಸ್ಟಾರ್ಟರ್ ಹಗ್ಗ ನಿಧಾನಕ್ಕೆ ಎಳೆಯುತ್ತಿದ್ದೇನೆ. ಒಂದು ಕಡೆ ಬಂದು ಬಿಗಿಯಾಗಿ ನಿಂತಿತು, ಅಲ್ವಾ? ಇದು ಕೆಟ್ಟಿದ್ದಲ್ಲ. ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ತಣ್ಣಗಿರುವಾಗ ಪಿಸ್ಟನ್ ಅಲ್ಲಿಗೆ ಹೋದರೆ ಸೀಸೆಯ ಬಾಯಿಗೆ ಬಿರಡೆ ತುರುಕಿದ ಹಾಗೆ ಸಿಕ್ಕಿಕೊಳ್ಳುತ್ತದೆ. ಬಿಸಿಯಾದಾಗ ಹಿತ್ತಾಳೆಯ ಲೈನರ್ ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗಿ, ಅಳತೆ ಸರಿಯಾಗುತ್ತದೆ. ಅದಕ್ಕೇ ನಾನು ಹೇರ್ ಡ್ರೈಯರ್‌ನಿಂದ ಎಂಜಿನ್ ತಲೆಗೆ ಕೆಲವು ನಿಮಿಷ ಬಿಸಿ ಗಾಳಿ ಕೊಡುತ್ತಿದ್ದೇನೆ. ಹಗ್ಗವೂ ಉಳಿಯುತ್ತದೆ, ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಎಳೆತವೂ ಕಡಿಮೆ.

ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿದ್ದಾಗಲೇ ಇನ್ನೊಂದು ಕೆಲಸ. ಎಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲ್ ತಿರುಗಿಸುತ್ತಾ, ಪ್ಲಗ್ ತೂತಿನಿಂದ ನೋಡುತ್ತಾ, ಪಿಸ್ಟನ್ ಪೂರ್ತಿ ಕೆಳಗೆ ಇಳಿದಾಗ ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿದೆ. ಇದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಪ್ಲಗ್ಗನ್ನು, ಅದನ್ನು ಕಾಯಿಸುವ ಬ್ಯಾಟರಿ ಸಾಧನವಾದ ಇಗ್ನೈಟರ್‌ಗೆ ಸಿಕ್ಕಿಸಿದರೆ ತಂತಿ ಕಿತ್ತಳೆ ಬಣ್ಣಕ್ಕೆ ಕಾಯುತ್ತದೆ. ಕಾದರೆ ಪ್ಲಗ್ ಸರಿಯಿದೆ.

ಸ್ಟಾರ್ಟ್ ಮಾಡುವ ಮುಂಚೆ ರಿಮೋಟ್ ಆನ್, ಆಮೇಲೆ ಕಾರಿನ ರಿಸೀವರ್ ಆನ್. ಯಾವತ್ತೂ ಇದೇ ಕ್ರಮ. ಚಕ್ರಗಳು ನೆಲಕ್ಕೆ ತಾಗದ ಹಾಗೆ ಕಾರು ಸ್ಟ್ಯಾಂಡ್ ಮೇಲಿದೆ. ಸೈಲೆನ್ಸರ್ ಬಾಯಿಗೆ ಬೆರಳಿಟ್ಟು ಹಗ್ಗ ಎಳೆಯುತ್ತೇನೆ. ಈಗ ಪೈಪ್ ನೋಡಿ. ಕೆಂಪು ಇಂಧನ ಟ್ಯಾಂಕ್‌ನಿಂದ ಹೊರಟು, ಮುಂದೆ ಒಂದು ಗುಳ್ಳೆ ತಳ್ಳಿಕೊಂಡು, ನಿಧಾನಕ್ಕೆ ಕಾರ್ಬುರೇಟರ್ ಕಡೆ ಹೋಗುತ್ತಿದೆ. ಮುಟ್ಟಿತು. ಬೆರಳು ತೆಗೆದುಬಿಡಿ, ಇನ್ನು ಎಳೆದರೆ ಇಂಧನ ಒಳಗೆ ತುಂಬಿಕೊಳ್ಳುತ್ತದೆ.

ಇಗ್ನೈಟರ್ ಹಾಕಿ, ಗಿಡ್ಡ ಗಿಡ್ಡ ಎಳೆತ. ಹಗ್ಗವನ್ನು ಕೊನೆಯವರೆಗೂ ಎಳೆಯಬಾರದು, ತುಂಡಾಗುತ್ತದೆ. ಬಿಸಿ ಮಾಡಿದ ಮೇಲೂ ಹಗ್ಗ ಕಲ್ಲಿನ ಹಾಗೆ ನಿಂತರೆ ಬಲ ಹಾಕಲೇಬೇಡಿ. ಒಳಗೆ ಇಂಧನ ತುಂಬಿದೆ ಅಂತ ಅರ್ಥ. ಪ್ಲಗ್ ಬಿಚ್ಚಿ, ಕಾರು ಬೋರಲು ಹಾಕಿ, ನಾಲ್ಕಾರು ಸಲ ಹಗ್ಗ ಎಳೆದರೆ ಆಚೆ ಬರುತ್ತದೆ.

ಕೇಳಿಸಿತಾ? ಹಿಡಿಯಿತು! ಈ ಸದ್ದಿಗೋಸ್ಕರವೇ ನಾನು ನೈಟ್ರೋ ತೆಗೆದುಕೊಂಡಿದ್ದು. ಹೊಗೆ ನೋಡಿ, ನೀಲಿ ಬಿಳುಪು, ದಟ್ಟವಾಗಿದೆ. ಸೈಲೆನ್ಸರ್ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆ. ಬ್ರೇಕ್ ಇನ್, ಅಂದರೆ ಹೊಸ ಎಂಜಿನ್ ಪಳಗಿಸುವ ಸಮಯದಲ್ಲಿ ಇದೇ ಬೇಕಾಗಿರುವುದು. ಎಂಜಿನ್ ರಿಚ್ ಆಗಿ ಓಡುತ್ತಿದೆ, ಅಂದರೆ ಇಂಧನ ಜಾಸ್ತಿ, ಎಣ್ಣೆ ಜಾಸ್ತಿ.

ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಸ ಎಂಜಿನ್ನನ್ನು ಸುಮ್ನೆ ತಣ್ಣಗೆ, ವಿಪರೀತ ರಿಚ್ ಆಗಿ, ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡಿ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಣ್ಣಗಿರುವಾಗ ಲೈನರ್ ಕಿರಿದಾಗಿಯೇ ಇರುತ್ತದೆ, ಪ್ರತಿ ಸುತ್ತಿಗೂ ಪಿಸ್ಟನ್ ಅಲ್ಲಿ ಉಜ್ಜಿಕೊಂಡು ಸವೆಯುತ್ತದೆ. ರಿಚ್ ಬೇಕು, ಬಿಸಿಯೂ ಬೇಕು. ನಾನು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಗ್ಲೋ ಪ್ಲಗ್ ಹತ್ತಿರ ಹಿಡಿದು, ತಲೆಯ ಬಿಸಿ 90 ರಿಂದ 100 ಡಿಗ್ರಿ ಸೆಲ್ಸಿಯಸ್ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಬಿಸಿ ಏರದಿದ್ದರೆ ಕೂಲಿಂಗ್ ಹೆಡ್‌ಗೆ ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಆಯಿತು.

ಕೆಲವು ನಿಮಿಷ ಓಡಿಸಿ, ಇಂಧನದ ಪೈಪ್ ಹಿಸುಕಿ ಆಫ್ ಮಾಡುತ್ತೇನೆ. ಆಮೇಲೆ ಆ ಗೆರೆ! ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳಗೆ ತಂದು ನಿಲ್ಲಿಸುತ್ತೇನೆ. ಮೇಲೆ ಬಿಟ್ಟರೆ, ಲೈನರ್ ಆರಿ ಕುಗ್ಗುವಾಗ ಪಿಸ್ಟನ್ನನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಸಿ ಗಾಳಿ, ಮತ್ತೆ ಸ್ಟಾರ್ಟ್. ಹೀಗೆ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮುಂದಿನ ಟ್ಯಾಂಕ್‌ಗಳಲ್ಲಿ ನೆಲಕ್ಕಿಳಿಸಿ ಅರ್ಧ ಥ್ರಾಟಲ್‌ನಲ್ಲಿ ಓಡಾಟ, ಆಮೇಲೆ ಚಿಕ್ಕ ಚಿಕ್ಕ ಓಟ.

ಈಗ ಟ್ಯೂನಿಂಗ್, ಬ್ರೇಕ್ ಇನ್ ಟ್ಯಾಂಕ್‌ಗಳೆಲ್ಲ ಮುಗಿದ ಮೇಲೆ ಮಾಡುವುದು. ಎಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ ಮಾತ್ರ ಸ್ಕ್ರೂ ಡ್ರೈವರ್ ಹಿಡಿಯಿರಿ. ಎರಡು ನೀಡಲ್, ಅಂದರೆ ಇಂಧನದ ಹರಿವು ಹೆಚ್ಚು ಕಡಿಮೆ ಮಾಡುವ ಸ್ಕ್ರೂಗಳು, ಜೊತೆಗೆ ಒಂದು ಐಡ್ಲಿಂಗ್ ಸ್ಕ್ರೂ. ನೀಡಲ್ ಬಲಕ್ಕೆ ತಿರುಗಿಸಿದರೆ ಲೀನ್, ಅಂದರೆ ಇಂಧನ ಕಡಿಮೆ, ಎಡಕ್ಕೆ ತಿರುಗಿಸಿದರೆ ರಿಚ್. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು ಮಾತ್ರ. ತಿರುಗಿಸಿದ ಮೇಲೆ ಕಾರನ್ನು ಅತ್ತಿಂದಿತ್ತ ಓಡಿಸಿ, ಆಮೇಲೆ ತೀರ್ಮಾನ ಮಾಡಿ.

ಹೈ ಸ್ಪೀಡ್ ನೀಡಲ್ ಮೊದಲು. ರಿಮೋಟಿನ ಟ್ರಿಗರ್ ಪೂರ್ತಿ ಎಳೆದಾಗ ಕಾರು ಮುಗ್ಗರಿಸುತ್ತಾ, ಗೊರಗೊರ ಅನ್ನುತ್ತಾ ಹೋದರೆ ರಿಚ್. ಗಡಿಯಾರದ ಒಂದು ಗಂಟೆಯಷ್ಟು ತಿರುಗಿಸಿ ಲೀನ್ ಮಾಡಿ. ಸದ್ದು ಬಿಡಿಸಿಕೊಂಡು ಏರುತ್ತದೆ. ಹೊಗೆ ಕಡಿಮೆಯಾದರೂ ಕಾರಿನ ಹಿಂದೆ ಗೆರೆಯ ಹಾಗೆ ಕಾಣುತ್ತಲೇ ಇರಬೇಕು. ಹೊಗೆ ಮಾಯವಾಗಿ ಸದ್ದು ಕಿರುಚಲು ಶುರುವಾಯಿತೋ, ತಕ್ಷಣ ಬಿಟ್ಟು ರಿಚ್ ಮಾಡಿ. ಲೀನ್ ಮಾಡಿದಾಗ ವೇಗ ಜಾಸ್ತಿಯಾಗುವುದು ನಿಜ, ಅದೇ ಆಸೆ ಹುಟ್ಟಿಸುವುದು. ಆ ಹೊತ್ತಿನಲ್ಲಿ ಎಣ್ಣೆ ಸಾಲದೆ ಒಳಗೆ ಸುಡುತ್ತಿರುತ್ತದೆ. ಬ್ರೇಕ್ ಇನ್ ಮುಗಿದ ಎಂಜಿನ್ ಸಾಮಾನ್ಯವಾಗಿ 100 ರಿಂದ 120 ಡಿಗ್ರಿ ನಡುವೆ ಇರುತ್ತದೆ. ಆದರೆ ನಾನು ಮೀಟರಿಗಿಂತ ಹೊಗೆಯನ್ನೇ ಜಾಸ್ತಿ ನಂಬುತ್ತೇನೆ.

ಲೋ ಸ್ಪೀಡ್ ನೀಡಲ್‌ಗೆ ಹಿಸುಕಿ ನೋಡುವ ಪರೀಕ್ಷೆ ಇದೆ. ಐಡ್ಲಿಂಗ್‌ನಲ್ಲಿ ಬಿಟ್ಟು, ಕಾರ್ಬುರೇಟರ್ ಪಕ್ಕದಲ್ಲೇ ಪೈಪ್ ಹಿಸುಕಿ. ಸದ್ದು ಸ್ವಲ್ಪ ಏರಿ, 2-3 ಸೆಕೆಂಡಿಗೆ ಆಫ್ ಆದರೆ ಸರಿಯಿದೆ. ಏರದೆ ತಕ್ಷಣ ಸತ್ತರೆ ಲೀನ್. ತುಂಬ ಹೊತ್ತು ಎಳೆದಾಡಿದರೆ ರಿಚ್. ಕೊನೆಗೆ ಐಡ್ಲಿಂಗ್ ಸ್ಕ್ರೂ. ಟ್ರಿಗರ್ ಬಿಟ್ಟಾಗ ಕಾರು ತಾನಾಗಿ ಮುಂದೆ ಹೋಗಬಾರದು, ಎಂಜಿನ್ ಆಫ್ ಕೂಡ ಆಗಬಾರದು.

ಓಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದಿದ್ದನ್ನು ಸುಟ್ಟು, ಪ್ಲಗ್ ತೂತಿಗೂ ಕಾರ್ಬುರೇಟರಿಗೂ ಕೆಲವು ಹನಿ ಆಫ್ಟರ್ ರನ್ ಆಯಿಲ್ ಬಿಡಿ. ಇಲ್ಲದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಇವತ್ತಿನ ನೀಡಲ್ ಸೆಟ್ಟಿಂಗನ್ನು ಹವೆಯ ಜೊತೆಗೇ ಬರೆದಿಟ್ಟುಕೊಂಡಿದ್ದೇನೆ. ತಣ್ಣನೆಯ ಗಾಳಿ ಸಾಂದ್ರ, ಅದಕ್ಕೆ ಇಂಧನ ಜಾಸ್ತಿ ಬೇಕು. ನಾಳೆ ಬೆಳಿಗ್ಗೆ ಚಳಿ ಇದ್ದರೆ ನೀಡಲ್ ಒಂದು ಗಂಟೆಯಷ್ಟು ತಿರುಗಿಸಿ ರಿಚ್ ಮಾಡಿಯೇ ಶುರು ಮಾಡುತ್ತೇನೆ.