ಗಂಟೆ ಹೊಡೆಯುವ ಮೊದಲು

ಚಂದ್ರಗಿರಿ ಹೊಳೆಯ ಆಚೀಚೆ, ಗಡಿಯ ಆಚೀಚೆ ಇರುವ ಎಲ್ಲ ಕೇಳುಗರಿಗೂ ನಮಸ್ಕಾರ.

ಎರಡು ಒಣ ತೆಂಗಿನಕಾಯಿಗಳ ಸಿಪ್ಪೆಯನ್ನು ಒಂದೊಂದು ಎಳೆ ಎಬ್ಬಿಸಿ, ಜೋಡಿಸಿ ಗಂಟು ಹಾಕಿ, ಅದರ ಮೇಲೆ ಎದೆಯಿಟ್ಟು ತೋಟದ ಕೆರೆಯಲ್ಲಿ ಕಾಲು ಬಡಿದು ಈಜು ಕಲಿತವರು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಯಿ ಬಿಟ್ಟು ಈ ದಡದಿಂದ ಆ ದಡ ಮುಟ್ಟಿದರೆ ಆಯಿತು, ಈಜು ಬಂತು ಎಂದೇ ಲೆಕ್ಕ. ಆದರೆ ಮುಟ್ಟಿದ ಮೇಲೂ ನಿಲ್ಲಬಾರದು, ಅಷ್ಟೇ ದೂರವನ್ನು ಇನ್ನೂ 29 ಸಲ ಈಜಬೇಕು ಅಂದರೆ? ಇವತ್ತಿನ ಮಾತು ಅಂಥ ಸ್ಪರ್ಧೆಯ ಬಗ್ಗೆ. ವಿಶ್ವ ಈಜು ಚಾಂಪಿಯನ್‌ಶಿಪ್‌ನ ಪುರುಷರ 1500 ಮೀಟರ್ ಫ್ರೀಸ್ಟೈಲ್.

ಕೊಳದ ಉದ್ದ 50 ಮೀಟರ್. ಹಾಗಾಗಿ 30 ಉದ್ದ, 29 ತಿರುವು. ಬೇಕಲದ ಕಡಲ ತೀರದಲ್ಲಿ ಒಂದೂವರೆ ಕಿಲೋಮೀಟರ್ ಸ್ವಲ್ಪ ಬಿರುಸಾಗಿಯೇ ನಡೆದರೂ ನಮಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಕು. ಇವರು ಅಷ್ಟನ್ನು ಹದಿನಾಲ್ಕೂವರೆ ನಿಮಿಷದಲ್ಲಿ ಈಜಿ ಮುಗಿಸುತ್ತಾರೆ. ಅಂದರೆ ಪ್ರತಿ 100 ಮೀಟರ್‌ಗೆ 58 ಸೆಕೆಂಡಿನ ಆಸುಪಾಸು, ಅದೂ ಸಾಲಾಗಿ 15 ಸಲ. (ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಈ ದೂರ ಮೊದಲ ಸಲ ಸಿಕ್ಕಿದ್ದು 2021ರಲ್ಲಿ, ಟೋಕಿಯೋದಲ್ಲಿ. ಗಂಡಸರಿಗೆ 1908ರಿಂದಲೇ ಇತ್ತು. ಅದು ಬೇರೆಯೇ ಒಂದು ಭಾಷಣದ ವಿಷಯ, ಬಿಡಿ.)

ಟಿವಿಯಲ್ಲಿ ಇದನ್ನು ನೋಡುವವರು ಬಯಲಾಟ ನೋಡುವವರ ಹಾಗೆ. ಪೀಠಿಕೆಯಲ್ಲಿ ಎಚ್ಚರ, ನಡುರಾತ್ರಿ ತೂಕಡಿಕೆ, ಬೆಳಗಿನ ಜಾವ ಚಂಡೆ ಏರಿದಾಗ ಮತ್ತೆ ಎಚ್ಚರ. ಇಲ್ಲಿ ಚಂಡೆಯ ಬದಲು ಗಂಟೆ. ಮುಂದಿರುವವನಿಗೆ ಎರಡು ಉದ್ದ ಮತ್ತು 5 ಮೀಟರ್ ಉಳಿದಾಗ ಅವನ ಲೇನ್‌ನ ಅಧಿಕಾರಿ ಗಂಟೆ ಬಾರಿಸುತ್ತಾರೆ, ಇಲ್ಲವೇ ಸೀಟಿ ಊದುತ್ತಾರೆ. ಹೆಚ್ಚಿನವರು ಕಣ್ಣು ಬಿಡುವುದೇ ಆಗ. ನಾನು ಹೇಳುವುದಿಷ್ಟೇ, ಈ ಸ್ಪರ್ಧೆಯ ನಿಜವಾದ ಜಗಳ ನಡೆಯುವುದು ಆ ತೂಕಡಿಕೆಯ ಹೊತ್ತಿನಲ್ಲಿ.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಬಾಬಿ ಫಿಂಕ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೊನೆಯ ತಿರುವಿನವರೆಗೂ ಇವನು ಮುಂದೆ ಇರಲಿಲ್ಲ. ಆಮೇಲೆ ಕೊನೆಯ 50 ಮೀಟರನ್ನು 25.78 ಸೆಕೆಂಡಿನಲ್ಲಿ ಈಜಿ ಚಿನ್ನ ಹೊಡೆದ. 1450 ಮೀಟರ್ ಈಜಿದ ಮೇಲೆ ಅಷ್ಟು ವೇಗ! ಕಾಲಿನ ಲೆಕ್ಕ ನೋಡಿದರೆ ಗುಟ್ಟು ಸ್ವಲ್ಪ ತಿಳಿಯುತ್ತದೆ. ದೂರದ ಈಜಿನಲ್ಲಿ ಹಲವರು ಎರಡು ಕೈ ಬೀಸುವಷ್ಟರಲ್ಲಿ ಎರಡೇ ಸಲ ಕಾಲು ಬಡಿಯುತ್ತಾರೆ. ತೊಡೆಯ ದೊಡ್ಡ ಸ್ನಾಯುಗಳು ಉಸಿರನ್ನು ಬೇಗ ತಿಂದುಹಾಕುತ್ತವೆ, ಅದಕ್ಕೆ ಈ ಉಳಿತಾಯ. ಕೊನೆಗೆ ಅದೇ ಕಾಲು ಆರು ಬಡಿತಕ್ಕೆ ಏರುತ್ತದೆ. ನೀರಿನ ಮೇಲೆ ಆಗ ಬಿಳಿ ನೊರೆ ಏಳುತ್ತದೆ, ನೋಡಿದರೆ ಯಾರಿಗೂ ಗೊತ್ತಾಗುತ್ತದೆ.

ಸರಿ, ಹೀಗೆ ಕೊನೆಯಲ್ಲಿ ಹಾರಿ ಬರುವವನನ್ನು ತಡೆಯುವುದು ಹೇಗೆ?

ಇಟಲಿಯ ಗ್ರೆಗೋರಿಯೊ ಪಾಲ್ಟ್ರಿನಿಯೇರಿ 2022ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಉತ್ತರ ಕೊಟ್ಟ. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಆರಿಸುವ ಮೊದಲ ಸುತ್ತಿನಲ್ಲಿ, ಹಿಂದೆ ಬಿದ್ದಿದ್ದರಿಂದ ಅವನಿಗೆ ಸಿಕ್ಕಿದ್ದು ಅಂಚಿನ ಒಂದನೇ ಲೇನ್. ಅಲ್ಲಿಂದ ನಡುವಿನ ಲೇನ್‌ನವರು ಸರಿಯಾಗಿ ಕಾಣುವುದಿಲ್ಲ. ಅವರಿಗೂ ಇವನು ಕಾಣುವುದಿಲ್ಲ, ಅಲ್ವಾ? ಶುರುವಿನಿಂದಲೇ ಹೊರಟುಬಿಟ್ಟ. ಅವನ ಕೈ ಬೀಸು ಗಿಡ್ಡ, ಆದರೆ ಬಲು ಚುರುಕು, ನಿಲ್ಲುವುದೇ ಇಲ್ಲ. ಗಂಟೆ ಹೊಡೆಯುವಾಗ ಉಳಿದವರು ಎಷ್ಟು ಹಿಂದಿದ್ದರೆಂದರೆ, ಕೊನೆಯ ಓಟಕ್ಕೆ ಅರ್ಥವೇ ಇರಲಿಲ್ಲ. 14 ನಿಮಿಷ 32.80 ಸೆಕೆಂಡ್, ಚಾಂಪಿಯನ್‌ಶಿಪ್ ದಾಖಲೆ. ಎರಡನೆಯವನಾಗಿ ಬಂದ ಫಿಂಕ್ ಸುಮಾರು ನಾಲ್ಕು ಸೆಕೆಂಡ್ ಹಿಂದೆ.

ಮರುವರ್ಷ ಜಪಾನಿನ ಫುಕುವೋಕಾದಲ್ಲಿ ಟ್ಯುನೀಷಿಯಾದ ಅಹ್ಮದ್ ಹಫ್ನಾವಿಯ ಉತ್ತರವೇ ಬೇರೆ. ಅವನು ಓಡಿಹೋಗಲಿಲ್ಲ, ಫಿಂಕ್ ಜೊತೆಯಲ್ಲೇ ಉಳಿದ. ಕೊನೆಯ ಉದ್ದದಲ್ಲಿ ಇಬ್ಬರೂ ಒಟ್ಟಿಗೆ ಗೋಡೆಯ ಕಡೆಗೆ ಬಂದರು. ಹಫ್ನಾವಿ 14:31.54, ಫಿಂಕ್ 14:31.59. ಹದಿನಾಲ್ಕೂವರೆ ನಿಮಿಷದ ಈಜು, ಅಂತರ ಸೆಕೆಂಡಿನ ನೂರರಲ್ಲಿ ಐದು ಪಾಲು. 29 ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಪಾದ ಗೋಡೆಗೆ ಸರಿಯಾಗಿ ಕೂತಿದ್ದರೆ ಫಿಂಕ್ ಗೆಲ್ಲುತ್ತಿದ್ದನೋ ಏನೋ. ತಿರುವು ಅಂದರೆ ಸುಮ್ನೆ ಮುಟ್ಟಿ ಬರುವುದಲ್ಲ. ನೀರೊಳಗೇ ಲಾಗ ಹಾಕಬೇಕು, ಎರಡೂ ಪಾದದಿಂದ ಗೋಡೆ ಒದೆಯಬೇಕು, ಮೈ ನೆಟ್ಟಗೆ ಮಾಡಿ ಜಾರಬೇಕು. ಆಗ ಉಸಿರಾಡುವ ಹಾಗಿಲ್ಲ. ಇಪ್ಪತ್ತನೆಯ ತಿರುವಿನ ಹೊತ್ತಿಗೆ ಎದೆ ಗಾಳಿ ಗಾಳಿ ಎಂದು ಕೂಗುತ್ತಿರುತ್ತದೆ. ಆಗ ಬೇಗ ಮೇಲೆ ಬರುವವನು ಉಸಿರು ಗಳಿಸುತ್ತಾನೆ, ವೇಗ ಕಳೆದುಕೊಳ್ಳುತ್ತಾನೆ.

ಎರಡು ವರ್ಷ ಹೀಗೆ ಸೋತ ಫಿಂಕ್ ಏನು ಮಾಡಿದ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತನ್ನ ಹೆಸರಾದ ಆಟವನ್ನೇ ಬಿಟ್ಟ. ಹಿಂದೆ ಕಾಯುವ ಮನುಷ್ಯ ಶುರುವಿನಲ್ಲೇ ಮುಂದೆ ನಿಂತ. ಪಾಲ್ಟ್ರಿನಿಯೇರಿ ಬೆನ್ನು ಬಿಡಲಿಲ್ಲ, ಆದರೆ ದಾಟಲೂ ಆಗಲಿಲ್ಲ. ಫಿಂಕ್‌ಗೆ 14:30.67. ಚೀನಾದ ಸುನ್ ಯಾಂಗ್ 2012ರ ಲಂಡನ್‌ನಲ್ಲಿ ಮಾಡಿದ್ದ 14:31.02ರ ವಿಶ್ವದಾಖಲೆ ಹನ್ನೆರಡು ವರ್ಷದ ಮೇಲೆ ಮುರಿಯಿತು. ನನ್ನ ಮಟ್ಟಿಗೆ ಟೋಕಿಯೋದ ಆ ಕೊನೆಯ 50 ಮೀಟರ್‌ಗಿಂತ ಪ್ಯಾರಿಸ್‌ನ ಮೊದಲ ಸಾವಿರ ಮೀಟರೇ ದೊಡ್ಡದು. ಬಂದ ವಿದ್ಯೆಯನ್ನು ತೋರಿಸುವುದು ಸುಲಭ, ಅದನ್ನು ಬದಿಗಿಡಲು ಧೈರ್ಯ ಬೇಕು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2025ರಲ್ಲಿ ಸಿಂಗಾಪುರದಲ್ಲಿ ವಿಶ್ವ ಚಿನ್ನ ಮತ್ತೆ ಟ್ಯುನೀಷಿಯಾಕ್ಕೆ ಹೋಯಿತು, ಈ ಸಲ ಅಹ್ಮದ್ ಜವಾದಿಗೆ. ಫಿಂಕ್‌ಗೆ ಕಂಚು. 2027ರ ಚಾಂಪಿಯನ್‌ಶಿಪ್ ಬುಡಾಪೆಸ್ಟ್‌ನಲ್ಲಿದೆ. ಅಲ್ಲಿ ಸಂಜೆಯಾಗುವಾಗ ನಮ್ಮಲ್ಲಿ ರಾತ್ರಿಯ ಊಟದ ಹೊತ್ತು. ಬಟ್ಟಲು ಹಿಡಿದೇ ಟಿವಿಯ ಮುಂದೆ ಕೂತರೂ ಅಡ್ಡಿಯಿಲ್ಲ. ಒಂದು ಚೀಟಿಯಲ್ಲಿ ಮುಂದಿರುವ ಇಬ್ಬರು ಮೂವರ ಪ್ರತಿ 100 ಮೀಟರ್‌ನ ಸಮಯ ಬರೆಯುತ್ತಾ ಹೋಗಿ. 700, 800, 900ರ ಹತ್ತಿರ ಯಾರ ಅಂಕಿ 58ರಿಂದ 59ಕ್ಕೆ ಜಾರಿತು, ಯಾರದ್ದು ಜಾರಲಿಲ್ಲ ಎಂದು ನೋಡಿಟ್ಟುಕೊಳ್ಳಿ. ಗಂಟೆ ಹೊಡೆಯುವ ಮೊದಲೇ ಮನೆಯವರ ಹತ್ತಿರ ಪಂಥ ಕಟ್ಟಬಹುದು.

ನಮಸ್ಕಾರ.